ಮನೆಯಲ್ಲಿದ್ದೇ ಮನೆಗೆ ಹೊರಟವರು

"ಕಾಫಿ ಆಯ್ತಾ?"

ಸಾಗರದ ನಮ್ಮ ದೊಡ್ಡಮ್ಮ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಕೇಳುತ್ತಿದ್ದ ಪ್ರಶ್ನೆ ಇದು. ಅತ್ತಿಗೆ ಲೋಟ ಕೈಗಿಡುತ್ತಿದ್ದರು. ದೊಡ್ಡಮ್ಮ ಕುಡಿದು, ಲೋಟ ತೊಳೆದು ಬೋರಲು ಹಾಕಿ, ಜಗಲಿಗೆ ಹೋಗಿ ಕೂರುತ್ತಿದ್ದರು. ಐದೇ ನಿಮಿಷ. ಮತ್ತೆ ಅದೇ ಹೊಸ್ತಿಲು, ಅದೇ ದನಿ, ಅದೇ ನಗು: "ಕಾಫಿ ಆಯ್ತಾ?" ರಜೆಗೆಂದು ಹೋಗಿದ್ದ ನಾನು ಒಂದು ಬೆಳಿಗ್ಗೆ ಎಣಿಸಿದೆ. ಏಳರಿಂದ ಒಂಬತ್ತರೊಳಗೆ 17 ಸಲ. ಮೊದಮೊದಲು "ಈಗಷ್ಟೇ ಕುಡಿದ್ರಲ್ಲ ಅತ್ತೆ" ಎನ್ನುತ್ತಿದ್ದ ಅತ್ತಿಗೆಯ ದನಿ ಹತ್ತನೆಯ ಸಲದ ಹೊತ್ತಿಗೆ ಒಡೆದಿತ್ತು. "ಎಷ್ಟು ಸಲ ಹೇಳ್ಬೇಕು ನಿಮಗೆ?" ದೊಡ್ಡಮ್ಮನ ಮುಖ ಸಣ್ಣದಾಯಿತು. ಯಾಕೆ ಬೈಸಿಕೊಂಡೆ ಎಂಬುದು ಅವರಿಗೆ ಗೊತ್ತಾಗಲಿಲ್ಲ. ಅವರ ಲೆಕ್ಕದಲ್ಲಿ ಅವರು ಆ ದಿನ ಕಾಫಿ ಕೇಳಿದ್ದು ಅದೇ ಮೊದಲು.

ಆ ಮನೆಯಲ್ಲಿ ಆಗ ಯಾರೂ ಇದನ್ನು ಕಾಯಿಲೆ ಎಂದಿರಲಿಲ್ಲ. ಅರವತ್ತಕ್ಕೆ ಅರಳು ಮರಳು ಎಂಬ ಗಾದೆ ಇದೆಯಲ್ಲ, ಅದನ್ನು ಹೇಳಿ ಮಾತು ಮುಗಿಸುತ್ತಿದ್ದರು. ದೊಡ್ಡಮ್ಮನಿಗೆ ಎಪ್ಪತ್ತು ದಾಟಿದ್ದರಿಂದ ಗಾದೆಗೆ ಇನ್ನಷ್ಟು ಬಲ ಬಂದಿತ್ತು. ನಮ್ಮ ಹಳ್ಳಿ, ಪಟ್ಟಣಗಳಲ್ಲಿ ಈ ಒಂದು ಗಾದೆ ಎಷ್ಟು ಹಿರಿಯರನ್ನು ವೈದ್ಯರ ಬಾಗಿಲಿಗೆ ಹೋಗದಂತೆ ತಡೆದಿದೆಯೋ ಎಂದು ನೆನೆದರೆ ಸಂಕಟವಾಗುತ್ತದೆ. ವಯಸ್ಸಾದಂತೆ ಮಿದುಳು ನಿಧಾನವಾಗುವುದು ನಿಜ. ಪರಿಚಯದವರ ಹೆಸರು ತಕ್ಷಣ ನಾಲಿಗೆಗೆ ಬರುವುದಿಲ್ಲ, ಸಂಜೆ ಹೊತ್ತಿಗೆ ತಾನಾಗಿ ನೆನಪಾಗುತ್ತದೆ. "ಈಗಷ್ಟೇ ಕುಡಿದ್ರಲ್ಲ" ಎಂದು ನೆನಪಿಸಿದಾಗ "ಹೌದಲ್ಲ!" ಎಂದು ಹಣೆ ಮುಟ್ಟಿಕೊಂಡರೆ ಅದು ವಯಸ್ಸು. ಎಷ್ಟು ನೆನಪಿಸಿದರೂ ಆ ಕಾಫಿ ತಲೆಯೊಳಗೆ ಎಲ್ಲೂ ಸಿಗದಿದ್ದರೆ ಅದು ಕಾಯಿಲೆ. 60 ದಾಟಿದ ಭಾರತೀಯರಲ್ಲಿ ನೂರಕ್ಕೆ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆಯೆಂದು ದೇಶವ್ಯಾಪಿ ಅಧ್ಯಯನವೊಂದರ ಅಂದಾಜು. ಡಿಮೆನ್ಷಿಯಾ ಎಂಬುದು ಮರೆವು, ಗೊಂದಲ, ಮಾತು ತಡವರಿಸುವುದು ಇವೆಲ್ಲ ಸೇರಿದ ಸ್ಥಿತಿಯ ಹೆಸರು. ಅದನ್ನು ತರುವ ಕಾಯಿಲೆಗಳಲ್ಲಿ ದೊಡ್ಡ ಪಾಲು ಅಲ್ಝೈಮರ್ಸ್‌ನದು.

ಆ ಹೆಸರು ಬಂದ ಕಥೆಯೂ ಅಡುಗೆಮನೆಯಿಂದಲೇ ಶುರುವಾಗುತ್ತದೆ. 1901ರ ನವೆಂಬರಿನಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನ ಮನೋರೋಗ ಆಸ್ಪತ್ರೆಗೆ 51 ವರ್ಷದ ಔಗುಸ್ಟ ಡೀಟರ್ ಎಂಬ ಹೆಂಗಸು ದಾಖಲಾದಳು. ಗಂಡ ರೈಲ್ವೆ ನೌಕರ. ಆಕೆ ಅಡುಗೆ ಕೆಡಿಸುತ್ತಿದ್ದಳು, ಸಾಮಾನುಗಳನ್ನು ಎಲ್ಲೆಲ್ಲೋ ಬಚ್ಚಿಡುತ್ತಿದ್ದಳು, ಕಾರಣವಿಲ್ಲದೆ ಗಂಡನ ಮೇಲೆ ಅನುಮಾನಪಡುತ್ತಿದ್ದಳು. ವೈದ್ಯ ಅಲೋಯಿಸ್ ಅಲ್ಝೈಮರ್ ಆಕೆಯ ಮುಂದೆ ಕೂತು ಒಂದೊಂದೇ ಪ್ರಶ್ನೆ ಕೇಳಿ ಉತ್ತರಗಳನ್ನು ಬರೆದುಕೊಂಡ. ಗಂಡನ ಹೆಸರೇನೆಂದರೆ ಆಕೆ ತನ್ನ ಹೆಸರನ್ನೇ ಹೇಳಿದಳು. ಊಟದ ತಟ್ಟೆಯಲ್ಲಿ ಹೂಕೋಸು, ಹಂದಿಮಾಂಸ ಇದ್ದಾಗ ತಿನ್ನುತ್ತಿರುವುದು ಪಾಲಕ್ ಎಂದಳು. ಹೆಸರು ಬರೆ ಎಂದರೆ "ಶ್ರೀಮತಿ" ಎಂಬಷ್ಟನ್ನು ಬರೆದು ಮುಂದೇನು ಬರೆಯಬೇಕಿತ್ತು ಎಂಬುದನ್ನೇ ಮರೆತಳು. 1906ರ ಏಪ್ರಿಲಿನಲ್ಲಿ ಆಕೆ ತೀರಿಕೊಂಡಮೇಲೆ ಅಲ್ಝೈಮರ್ ಮಿದುಳಿನ ತೆಳು ಪದರಗಳಿಗೆ ಬೆಳ್ಳಿಯ ಲವಣದ ಬಣ್ಣ ಕಟ್ಟಿ ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದ. ನರಕೋಶಗಳ ನಡುವೆ ಗಂಟುಗಂಟಾದ ಕಲೆಗಳಿದ್ದವು. ಕೋಶಗಳ ಒಳಗೆ ಸಿಕ್ಕುಬಿದ್ದ ನೂಲಿನಂಥ ಎಳೆಗಳಿದ್ದವು. ಅದೇ ವರ್ಷ ನವೆಂಬರ್ 3ರಂದು ಟ್ಯೂಬಿಂಗೆನ್‌ನಲ್ಲಿ ನಡೆದ ವೈದ್ಯರ ಸಭೆಯಲ್ಲಿ ಇದನ್ನು ವಿವರಿಸಿದಾಗ ಯಾರೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ನಾಲ್ಕು ವರ್ಷಗಳ ನಂತರ, 1910ರಲ್ಲಿ, ಎಮಿಲ್ ಕ್ರೆಪೆಲಿನ್ ತನ್ನ ಪಠ್ಯಪುಸ್ತಕದಲ್ಲಿ ಈ ಕಾಯಿಲೆಗೆ ಅಲ್ಝೈಮರ್‌ನ ಹೆಸರಿಟ್ಟ.

ಕೋಶಗಳ ನಡುವಿನ ಆ ಕಲೆ ಅಮಿಲಾಯ್ಡ್ ಎಂಬ ಪ್ರೋಟೀನಿನ ಗಟ್ಟಿ ಎಂದೂ, ಒಳಗಿನ ಸಿಕ್ಕು ಟೌ ಎಂಬ ಪ್ರೋಟೀನಿನದೆಂದೂ 1980ರ ದಶಕದಲ್ಲಿ ಗೊತ್ತಾಯಿತು. ಮೊದಲ ಮರೆವು ಕಾಣಿಸುವುದಕ್ಕೆ ಹದಿನೈದು ಇಪ್ಪತ್ತು ವರ್ಷ ಮುಂಚೆಯೇ ಇವು ಶೇಖರವಾಗತೊಡಗಿರುತ್ತವೆ. ಟೌ ಸಿಕ್ಕು ಮಾತ್ರ ಇಡೀ ಮಿದುಳಿಗೆ ಒಟ್ಟಿಗೆ ಹಬ್ಬುವುದಿಲ್ಲ. ಕಿವಿಯ ಒಳಪಕ್ಕದಲ್ಲಿರುವ ಎಂಟೊರೈನಲ್ ಕಾರ್ಟೆಕ್ಸ್ ಎಂಬ ಸಣ್ಣ ಪಟ್ಟಿಯಲ್ಲಿ ಶುರುವಾಗಿ, ಪಕ್ಕದ ಹಿಪೊಕ್ಯಾಂಪಸ್‌ಗೆ ದಾಟಿ, ಅಲ್ಲಿಂದ ಮಾತು, ನೋಟ, ಯೋಜನೆಗಳ ಭಾಗಗಳಿಗೆ ವರ್ಷಗಟ್ಟಲೆ ತೆಗೆದುಕೊಂಡು ನಡೆಯುತ್ತದೆ. ಮನೆಯವರ ಪಾಲಿಗೆ ಇದು ತುಂಬ ಮುಖ್ಯವಾದ ವಿಷಯ. ನಾವು ಹಠ, ಮೊಂಡುತನ, ನಾಟಕ, ಕೆಟ್ಟ ಬುದ್ಧಿ ಎಂದು ಹೆಸರಿಡುವ ಒಂದೊಂದು ವರ್ತನೆಯ ಹಿಂದೆಯೂ ಕೆಲಸ ನಿಲ್ಲಿಸಿದ ಒಂದು ಜಾಗವಿರುತ್ತದೆ. ಯಾವ ಜಾಗ ಎಂದು ತಿಳಿದರೆ ವಾದ ಮಾಡುವುದು ತಾನಾಗಿ ನಿಲ್ಲುತ್ತದೆ.

ಕಾಫಿಯ ಪ್ರಶ್ನೆಯನ್ನೇ ನೋಡೋಣ. ಹಿಪೊಕ್ಯಾಂಪಸ್ ಇವತ್ತಿನ ಅನುಭವವನ್ನು ನಾಳೆಗೆ ಉಳಿಯುವಂತೆ ದಾಖಲಿಸುವ ಜಾಗ. ಅದಿಲ್ಲದೆ ಬದುಕುವುದು ಹೇಗಿರುತ್ತದೆಂದು ಜಗತ್ತಿಗೆ ತೋರಿಸಿದವನು ಅಮೆರಿಕದ ಹೆನ್ರಿ ಮೊಲೈಸನ್. ಮೂರ್ಛೆರೋಗ ತಡೆಯಲೆಂದು 1953ರಲ್ಲಿ ಶಸ್ತ್ರವೈದ್ಯ ವಿಲಿಯಂ ಸ್ಕೋವಿಲ್ ಅವನ ಎರಡೂ ಬದಿಯ ಹಿಪೊಕ್ಯಾಂಪಸ್‌ನ ಹೆಚ್ಚಿನ ಭಾಗವನ್ನು ತೆಗೆದ. ಅಲ್ಲಿಂದ 2008ರಲ್ಲಿ ಸಾಯುವ ತನಕ ಹೆನ್ರಿಗೆ ಹೊಸ ಮುಖ, ಹೊಸ ಮಾತು ಯಾವುದೂ ಉಳಿಯಲಿಲ್ಲ. ದಶಕಗಳ ಕಾಲ ಅವನನ್ನು ಪರೀಕ್ಷಿಸಿದ ಬ್ರೆಂಡಾ ಮಿಲ್ನರ್ ಪ್ರತಿ ಭೇಟಿಯಲ್ಲೂ ಅವನಿಗೆ ಹೊಸಬರೇ. ಹಳೆಯ ನೆನಪುಗಳು ಮಾತ್ರ ಮಿದುಳಿನ ಬೇರೆಡೆ ಬೇರುಬಿಟ್ಟಿರುತ್ತವೆ, ಅವು ತಡವಾಗಿ ಅಳಿಯುತ್ತವೆ. ದೊಡ್ಡಮ್ಮನಿಗೆ ತನ್ನ ಮದುವೆಯ ದಿಬ್ಬಣದ ಎತ್ತಿನ ಹೆಸರು ಗೊತ್ತಿತ್ತು, ಐದು ನಿಮಿಷದ ಹಿಂದಿನ ಕಾಫಿ ಗೊತ್ತಿರಲಿಲ್ಲ. "ಬೇಕಾದ್ದೆಲ್ಲ ನೆನಪಿರತ್ತೆ ನೋಡಿ" ಎಂದು ನೆಂಟರು ಆಡಿಕೊಳ್ಳುತ್ತಿದ್ದುದು ಇದೇ ಕಾರಣಕ್ಕೆ, ಎಷ್ಟು ದೊಡ್ಡ ಅನ್ಯಾಯದ ಮಾತು ಅದು.

ದಾಖಲಾಗದ ಉತ್ತರವನ್ನು 17 ಸಲ ಕೊಟ್ಟರೂ ಅಷ್ಟೆ. ಹಾಗಾದರೆ ಸಿಟ್ಟಿನಿಂದ ಹೇಳಿದರೇನು, ಸಮಾಧಾನದಿಂದ ಹೇಳಿದರೇನು, ಮರೆತೇಬಿಡುತ್ತಾರಲ್ಲ ಎಂದು ಯಾರಿಗಾದರೂ ಅನ್ನಿಸಬಹುದು. ಅಯೋವಾ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದಕ್ಕೆ ಉತ್ತರ ಕೊಟ್ಟಿದೆ. 17 ಮಂದಿ ಅಲ್ಝೈಮರ್ಸ್ ರೋಗಿಗಳಿಗೆ ದುಃಖದ ಮತ್ತು ಸಂತೋಷದ ಸಿನಿಮಾ ತುಣುಕುಗಳನ್ನು ತೋರಿಸಿದರು. ಕೆಲವೇ ನಿಮಿಷಗಳಲ್ಲಿ ಅವರು ಏನು ನೋಡಿದೆವೆಂಬುದನ್ನು ಮರೆತರು. ಮನಸ್ಸಿನಲ್ಲಿ ಎದ್ದ ಭಾವ ಮಾತ್ರ ಆಮೇಲೂ ಉಳಿದಿತ್ತು. ಸಿನಿಮಾ ಹೆಚ್ಚು ಮರೆತವರಲ್ಲಿ ದುಃಖ ಇನ್ನೂ ಹೆಚ್ಚು ಹೊತ್ತು ನಿಂತಿತ್ತು. ಬೈಗುಳದ ಮಾತು ಅಳಿಸಿಹೋಗುತ್ತದೆ, ಬೈಸಿಕೊಂಡ ನೋವು ಯಾತಕ್ಕೆಂದೇ ತಿಳಿಯದೆ ಎದೆಯಲ್ಲಿ ಕೂತಿರುತ್ತದೆ. ಆ ಬೆಳಿಗ್ಗೆ ದೊಡ್ಡಮ್ಮ ಮಧ್ಯಾಹ್ನದ ತನಕ ಯಾರೊಡನೆಯೂ ಮಾತಾಡದೆ ಕೂತಿದ್ದು ನನಗೆ ಅರ್ಥವಾದದ್ದು ಎಷ್ಟೋ ವರ್ಷಗಳ ನಂತರ, ಈ ಪ್ರಯೋಗದ ಬಗ್ಗೆ ಓದಿದಾಗ.

ಅತ್ತಿಗೆ ತಾವೇ ಒಂದು ದಾರಿ ಕಂಡುಕೊಂಡರು. ಕುಡಿದ ಲೋಟವನ್ನು ತೊಳೆಯಲು ಬಿಡದೆ, ತಳದಲ್ಲಿ ಕಾಫಿಯ ಕಂದು ಗುರುತು ಕಾಣುವಂತೆ ದೊಡ್ಡಮ್ಮನ ಪಕ್ಕದಲ್ಲೇ ಇಡತೊಡಗಿದರು. ಏಳಬೇಕೆನಿಸಿದಾಗ ಲೋಟ ಕಣ್ಣಿಗೆ ಬೀಳುತ್ತಿತ್ತು. ಪ್ರಶ್ನೆಗಳು ಪೂರ್ತಿ ನಿಲ್ಲಲಿಲ್ಲ, 17 ಇದ್ದದ್ದು ಐದಾರಕ್ಕೆ ಇಳಿಯಿತು. ಐದಾರು ಸಲ ಯಾರಾದರೂ ನಗುತ್ತ ಉತ್ತರ ಕೊಡಬಲ್ಲರು.

ಕಾಫಿ ಕೇಳುವ ಮುಂಚೆ ದೊಡ್ಡಮ್ಮ ಕಾಫಿ ಮಾಡುವವರಾಗಿದ್ದರು. ಅವರ ಕೈಯ ಡಿಕಾಕ್ಷನ್‌ಗೆ ಬೀದಿಯಲ್ಲೇ ಹೆಸರಿತ್ತು. ಹಿಂದಿರುಗಿ ನೋಡಿದರೆ ಕಾಯಿಲೆ ಮೊದಲು ಮುಖ ತೋರಿಸಿದ್ದು ಅಲ್ಲಿಯೇ. ಫಿಲ್ಟರಿನ ಮೇಲಿನ ಪಾತ್ರೆಯನ್ನು ಕೆಳಗಿನದರ ಮೇಲೆ ಕೂರಿಸಬೇಕು, ಪುಡಿ ಹಾಕಬೇಕು, ಒತ್ತುಬಿಲ್ಲೆಯಿಂದ ಹದವಾಗಿ ಒತ್ತಬೇಕು, ಕುದಿಯುವ ನೀರು ಸುರಿಯಬೇಕು, ಮುಚ್ಚಬೇಕು, ಕಾಯಬೇಕು. ಅಷ್ಟರಲ್ಲಿ ಇನ್ನೊಂದು ಒಲೆಯಲ್ಲಿ ಹಾಲು ಉಕ್ಕದಂತೆ ನೋಡಿಕೊಳ್ಳಬೇಕು. ನಮಗೆ ಇದು ಒಂದು ಕೆಲಸ. ಮಿದುಳಿಗೆ ಇದು ಹತ್ತಾರು ಕೆಲಸ, ಸರಿಯಾದ ಸಾಲಿನಲ್ಲಿ, ಎಲ್ಲಿಗೆ ಬಂದೆ ಎಂಬುದನ್ನು ಮನಸ್ಸಿನಲ್ಲಿ ಹಿಡಿದುಕೊಂಡು. ಹಣೆಯ ಹಿಂದಿನ ಮುಂಭಾಗದ ಮಿದುಳು ಈ ಸಾಲನ್ನು ಹಿಡಿದಿಡುತ್ತದೆ. ಒಂದು ದಿನ ದೊಡ್ಡಮ್ಮ ಪುಡಿಯನ್ನು ಕೆಳಗಿನ ಪಾತ್ರೆಗೆ ಹಾಕಿ, ಮೇಲಿನದಕ್ಕೆ ತಣ್ಣೀರು ಸುರಿದು, ಒತ್ತುಬಿಲ್ಲೆಯನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡುತ್ತ ನಿಂತಿದ್ದರು. ನಾವು "ಗಮನ ಎಲ್ಲಿದೆ ನಿಮ್ದು" ಎಂದೆವು. ಆಮೇಲೆ ಅವರು ಅಡುಗೆಮನೆಗೆ ಹೋಗುವುದನ್ನೇ ಬಿಟ್ಟರು. ಇಡೀ ಕೆಲಸವನ್ನು ಕಿತ್ತುಕೊಳ್ಳದೆ ಒಂದು ತುಂಡನ್ನಾದರೂ ಅವರ ಕೈಯಲ್ಲಿ ಉಳಿಸಬಹುದಾಗಿತ್ತು. ಅತ್ತಿಗೆ ಫಿಲ್ಟರ್ ಜೋಡಿಸಿಕೊಟ್ಟು "ನೀವು ಸಕ್ಕರೆ ಹಾಕಿ ಅತ್ತೆ" ಎಂದಿದ್ದರೆ ಸಾಕಿತ್ತು. ನಮಗೆ ಆಗ ತಿಳಿಯಲಿಲ್ಲ.

ಸ್ನಾನದ ಜಗಳವೂ ಇದೇ ಜಾತಿಯದು, ಇನ್ನೂ ಕಠಿಣ. ಈ ಕಾಯಿಲೆಯಿರುವ ಬಹುಪಾಲು ಮನೆಗಳಲ್ಲಿ ಬಚ್ಚಲುಮನೆಯ ಬಾಗಿಲಲ್ಲಿ ದಿನವೂ ಒಂದು ಯುದ್ಧ ನಡೆಯುತ್ತದೆ. "ಆಗಲೇ ಮಾಡಿದ್ದೀನಿ" ಎನ್ನುತ್ತಾರೆ, ಕೈ ಹಿಡಿದರೆ ಕೊಸರಿಕೊಳ್ಳುತ್ತಾರೆ, ಕೆಲವರು ಹೊಡೆಯುವುದೂ ಉಂಟು. ಅವರ ಕಡೆಯಿಂದ ನೋಡಿ. ಬಟ್ಟೆ ಬಿಚ್ಚುವುದರಿಂದ ಮೈ ಒರೆಸುವ ತನಕದ ಉದ್ದದ ಸಾಲು ಕಳೆದುಹೋಗಿದೆ. ಆಳ, ಅಂತರಗಳನ್ನು ಅಳೆಯುವ ಮಿದುಳಿನ ಹಿಂಭಾಗ ಸೋತಿದೆ, ಹಾಗಾಗಿ ಒದ್ದೆಯಾಗಿ ಹೊಳೆಯುವ ನೆಲ ನೀರಿನ ಹೊಂಡದಂತೆ ಕಾಣಬಹುದು. ತಲೆಯ ಮೇಲೆ ಎಲ್ಲಿಂದಲೋ ನೀರು ಬೀಳುತ್ತದೆ. ಯಾರೋ ಸೀರೆ ಬಿಚ್ಚುತ್ತಿದ್ದಾರೆ, ಅವರು ಯಾರೆಂದು ಗೊತ್ತಿಲ್ಲ. ಜೀವಮಾನವಿಡೀ ಮರ್ಯಾದೆಯಿಂದ ಬಾಳಿದ ಹೆಂಗಸು ಆಗ ಕೊಸರಾಡದೆ ಇನ್ನೇನು ಮಾಡಬೇಕು? ಬಚ್ಚಲನ್ನು ಮೊದಲೇ ಬೆಚ್ಚಗೆ ಮಾಡಿಟ್ಟು, ಹೆಗಲ ಮೇಲೆ ಟವೆಲು ಹೊದಿಸಿ, ನೀರನ್ನು ಕಾಲಿನಿಂದ ಶುರುಮಾಡಿ, ಚೊಂಬನ್ನು ಅವರ ಕೈಗೇ ಕೊಟ್ಟರೆ ಜಗಳದ ಅರ್ಧ ಅಲ್ಲೇ ಇಳಿಯುತ್ತದೆ. ಒಂದು ಸಲಕ್ಕೆ ಒಂದೇ ಮಾತು: "ಇದನ್ನು ಹಿಡ್ಕೊಳ್ಳಿ." ಅದಾದಮೇಲೆ: "ಕಾಲಿಗೆ ಹಾಕ್ಕೊಳ್ಳಿ." ದಿನವೂ ಸ್ನಾನ ಆಗಲೇಬೇಕು ಎಂಬ ನಮ್ಮ ಮಡಿಯ ಲೆಕ್ಕವನ್ನು ಸ್ವಲ್ಪ ಸಡಿಲಿಸಿ ಒಂದು ದಿನ ಬಿಸಿನೀರಿನ ಬಟ್ಟೆಯಲ್ಲಿ ಮೈ ಒರೆಸಿದರೂ ಏನೂ ಕೆಡುವುದಿಲ್ಲ.

ಕಣ್ಣಿನ ವಿಷಯ ಬಂದಿದ್ದಕ್ಕೆ ತಟ್ಟೆಯ ಮಾತನ್ನೂ ಹೇಳಿಬಿಡುತ್ತೇನೆ. ಕಣ್ಣು ನೆಟ್ಟಗಿದ್ದರೂ ಮಿದುಳು ಬಣ್ಣದ ವ್ಯತ್ಯಾಸವನ್ನು ಹಿಡಿಯಲಾರದಾಗುತ್ತದೆ. ಬೋಸ್ಟನ್ ವಿಶ್ವವಿದ್ಯಾಲಯದವರು 2004ರಲ್ಲಿ ಪ್ರಕಟಿಸಿದ ಒಂದು ಸಣ್ಣ ಅಧ್ಯಯನದಲ್ಲಿ, ಕಾಯಿಲೆ ಬಲಿತ ರೋಗಿಗಳಿಗೆ ಬಿಳಿಯ ತಟ್ಟೆ ಲೋಟಗಳ ಬದಲು ಗಾಢ ಕೆಂಪಿನವನ್ನು ಕೊಟ್ಟಾಗ ಅವರು ತಿಂದದ್ದು ಶೇಕಡ 25ರಷ್ಟು, ಕುಡಿದದ್ದು ಶೇಕಡ 84ರಷ್ಟು ಹೆಚ್ಚಾಯಿತು. ಬಿಳಿ ತಟ್ಟೆಯಲ್ಲಿ ಮೊಸರನ್ನ, ಹೊಳೆಯುವ ಸ್ಟೀಲ್ ತಟ್ಟೆಯಲ್ಲಿ ಇಡ್ಲಿ ಬಡಿಸಿ "ಊಟಾನೇ ಸೇರಲ್ಲ ಅಂತಾರೆ" ಎಂದು ನಾವು ಕೊರಗುತ್ತೇವೆ. ಅವರಿಗೆ ಅಲ್ಲಿ ಊಟ ಕಂಡೇ ಇರುವುದಿಲ್ಲ. ಬಾಳೆಯೆಲೆಯ ಹಸಿರಿನ ಮೇಲೆ ಅನ್ನ ಎದ್ದು ಕಾಣುವಷ್ಟು ಯಾವ ತಟ್ಟೆಯಲ್ಲೂ ಕಾಣುವುದಿಲ್ಲ. ಇದಕ್ಕೆ ಅಧ್ಯಯನದ ಆಧಾರ ನನ್ನ ಬಳಿ ಇಲ್ಲ, ಬಾಳೆಯೆಲೆಯಲ್ಲಿ ಬಡಿಸಿದ ದಿನ ದೊಡ್ಡಮ್ಮ ಎರಡನೆಯ ಸಲ ಅನ್ನ ಹಾಕಿಸಿಕೊಂಡದ್ದನ್ನು ಕಣ್ಣಾರೆ ನೋಡಿದ್ದೇನೆ. ಬಾಗಿಲಲ್ಲಿ ಹಾಸುವ ಕಪ್ಪು ಕಾಲೊರಸು ಗುಂಡಿಯಂತೆ ಕಂಡು ಅವರು ದಾಟದೆ ನಿಲ್ಲುವುದೂ, ಕನ್ನಡಿಯೊಳಗಿನ ಮುದುಕಿಯನ್ನು ಕಂಡು ಗಾಬರಿಯಾಗುವುದೂ ಇದೇ ಕಾರಣದ ಕೊಂಬೆಗಳು. ಕಾಲೊರಸು ತೆಗೆದಿಡಿ, ಕನ್ನಡಿಗೆ ಬಟ್ಟೆ ಮುಚ್ಚಿ.

ಎಲ್ಲಕ್ಕಿಂತ ಮನೆ ಒಡೆಯುವುದು ಕಳ್ಳತನದ ಆರೋಪ. ಬಳೆ ಕಳುವಾಯಿತೆಂದು ದೊಡ್ಡಮ್ಮ ಹೇಳಿದ್ದು ಇಪ್ಪತ್ತು ವರ್ಷ ಆ ಮನೆಯಲ್ಲೇ ದುಡಿದ ಕೆಲಸದಾಕೆಯ ಮೇಲೆ. ಆಕೆ ಕಣ್ಣೊರೆಸಿಕೊಂಡು ಹೋದವಳು ಮತ್ತೆ ಬರಲಿಲ್ಲ. ತಿಂಗಳ ನಂತರ ಬಳೆ ಅಕ್ಕಿ ಡಬ್ಬಿಯ ತಳದಲ್ಲಿ ಸಿಕ್ಕಿತು, ಕರವಸ್ತ್ರದಲ್ಲಿ ಗಂಟು ಹಾಕಿ ಜೋಪಾನವಾಗಿ ಇಟ್ಟಿದ್ದರು. ಇಟ್ಟ ನೆನಪು ದಾಖಲಾಗಿಲ್ಲ; ಬಳೆ ಇದ್ದ ಜಾಗದಲ್ಲಿ ಇಲ್ಲ ಎಂಬುದು ಮಾತ್ರ ಎದುರಿಗಿದೆ. ಮಿದುಳು ಖಾಲಿ ಜಾಗವನ್ನು ಖಾಲಿ ಬಿಡುವುದಿಲ್ಲ, ಒಂದು ಕಾರಣ ಹೊಲಿದು ತುಂಬುತ್ತದೆ. "ನಾನು ಮರೆತೆನೇನೋ" ಎಂಬ ಕಾರಣ ಅವರಿಗೆ ಸಿಗುವುದಿಲ್ಲ, ಏಕೆಂದರೆ ತನಗೆ ಕಾಯಿಲೆ ಇದೆಯೆಂದು ತಿಳಿಯುವ ಶಕ್ತಿಯನ್ನೂ ಕಾಯಿಲೆಯೇ ಕಸಿದಿರುತ್ತದೆ. ಫ್ರೆಂಚ್ ನರವೈದ್ಯ ಜೋಸೆಫ್ ಬಬಿನ್ಸ್ಕಿ 1914ರಲ್ಲಿ, ಅರ್ಧ ಮೈ ಬಿದ್ದುಹೋದರೂ ಏನೂ ಆಗಿಲ್ಲವೆನ್ನುವ ರೋಗಿಗಳನ್ನು ಕಂಡು ಇದಕ್ಕೆ ಅನೊಸೊಗ್ನೋಸಿಯಾ ಎಂದು ಹೆಸರಿಟ್ಟ. "ನಿಮಗೆ ಮರೆವಿನ ಕಾಯಿಲೆ, ಒಪ್ಪಿಕೊಳ್ಳಿ" ಎಂದು ಹಿರಿಯರ ಜೊತೆ ವಾದಿಸುವುದು ಕುರುಡರಿಗೆ ಬಣ್ಣ ತೋರಿಸಿದಂತೆ. "ಅಯ್ಯೋ, ಹೌದಾ? ಬನ್ನಿ, ಇಬ್ಬರೂ ಸೇರಿ ಹುಡುಕೋಣ" ಎಂದರೆ ಹುಡುಕುತ್ತ ಹುಡುಕುತ್ತ ಬಳೆಯ ಚಿಂತೆ ಹಗುರಾಗುತ್ತದೆ. ಆ ಕೆಲಸದಾಕೆಗೆ ಈ ವಿಷಯ ಮೊದಲೇ ತಿಳಿಸಿ ಹೇಳಿದ್ದರೆ ಅವಳ ಮನಸ್ಸು ಉಳಿಯುತ್ತಿತ್ತು ಎಂಬ ಕೊರಗು ನನಗಿದೆ.

ಸಂಜೆಯಾಗುತ್ತಿದ್ದಂತೆ ಶುರುವಾಗುತ್ತಿತ್ತು ಇನ್ನೊಂದು ಮಾತು. "ಕತ್ತಲಾಗ್ತಾ ಬಂತು. ನಾನು ಮನೆಗೆ ಹೋಗ್ತೀನಿ." ಐವತ್ತು ವರ್ಷ ಬಾಳಿದ ಮನೆಯ ಜಗಲಿಯಲ್ಲಿ ನಿಂತು, ಎರಡು ಸೀರೆ ಚೀಲಕ್ಕೆ ತುಂಬಿಕೊಂಡು ದೊಡ್ಡಮ್ಮ ಹೊರಡುತ್ತಿದ್ದರು. "ಇದೇ ನಿಮ್ಮ ಮನೆ" ಎಂದರೆ ಸಿಟ್ಟು, ಅಳು.

ಈ ಹೊರಡುವಿಕೆಯ ಬೇರು ಇಲಿಗಳ ಮೇಲಿನ ಒಂದು ಸಂಶೋಧನೆಯಲ್ಲಿ ಸಿಗುತ್ತದೆ. 1971ರಲ್ಲಿ ಲಂಡನ್ನಿನ ಜಾನ್ ಓ'ಕೀಫ್ ಇಲಿಯ ಹಿಪೊಕ್ಯಾಂಪಸ್‌ನಲ್ಲಿ ವಿಚಿತ್ರವಾದ ನರಕೋಶಗಳನ್ನು ಕಂಡ. ಇಲಿ ಪೆಟ್ಟಿಗೆಯ ಒಂದು ನಿರ್ದಿಷ್ಟ ಮೂಲೆಗೆ ಬಂದಾಗ ಮಾತ್ರ ಒಂದು ಕೋಶ ಮಿಡಿಯುತ್ತಿತ್ತು, ಇನ್ನೊಂದು ಮೂಲೆಗೆ ಇನ್ನೊಂದು. 2005ರಲ್ಲಿ ನಾರ್ವೆಯ ಮೇ-ಬ್ರಿಟ್ ಮತ್ತು ಎಡ್ವರ್ಡ್ ಮೋಸರ್ ಎಂಟೊರೈನಲ್ ಕಾರ್ಟೆಕ್ಸ್‌ನಲ್ಲಿ, ನಕ್ಷೆಗೆ ಚೌಕುಳಿ ಗೆರೆ ಎಳೆದಂತೆ ಇಡೀ ಜಾಗವನ್ನು ಅಳೆಯುವ ಕೋಶಗಳನ್ನು ತೋರಿಸಿದರು. ಮೂವರಿಗೂ 2014ರಲ್ಲಿ ನೊಬೆಲ್ ಬಂತು. "ನಾನೀಗ ಎಲ್ಲಿದ್ದೇನೆ" ಎಂಬ ಅರಿವು ಮಿದುಳಿನಲ್ಲಿ ಮೂಡುವುದು ಈ ಎರಡು ಜಾಗಗಳಲ್ಲಿ. ಅಲ್ಝೈಮರ್ಸ್ ಮೊಟ್ಟಮೊದಲು ಕೈಹಾಕುವುದೂ ಇವೇ ಎರಡು ಜಾಗಗಳಿಗೆ. ದಿನವೂ ಹೋಗುವ ದೇವಸ್ಥಾನದಿಂದ ಮನೆಗೆ ಬರುವ ದಾರಿ ತಪ್ಪುವುದು ಕಾಯಿಲೆಯ ಮೊದಲ ಹೆಜ್ಜೆಗಳಲ್ಲೊಂದಾಗಿರುವುದು ಅದಕ್ಕೇ. 2016ರಲ್ಲಿ ಬಂದ "ಗೋಧಿ ಬಣ್ಣ ಸಾಧಾರಣ ಮೈಕಟ್ಟು" ಸಿನಿಮಾದಲ್ಲಿ ಅನಂತ್ ನಾಗ್ ಕಳೆದುಹೋದ ತಂದೆಯಾಗಿ ಬೀದಿ ಬೀದಿ ಅಲೆದಾಗ ಕನ್ನಡದ ಎಷ್ಟೋ ಮನೆಗಳು ತಮ್ಮದೇ ಕಥೆಯನ್ನು ಕಂಡವು. ಜೇಬಿನಲ್ಲಿ ಹೆಸರು, ಫೋನ್ ನಂಬರಿನ ಚೀಟಿ, ಕೈಗೆ ಬಿಚ್ಚಲಾಗದ ಪಟ್ಟಿ, ಇತ್ತೀಚಿನದೊಂದು ಫೋಟೋ ಮನೆಯವರ ಮೊಬೈಲಿನಲ್ಲಿ, ಬೀದಿಯ ಅಂಗಡಿಯವರಿಗೆ ಒಂದು ಮಾತು: ಇಷ್ಟನ್ನು ಮೊದಲ ದಿನವೇ ಮಾಡಿಟ್ಟುಕೊಳ್ಳಬೇಕು, ಒಮ್ಮೆ ಕಳೆದುಹೋಗುವ ತನಕ ಕಾಯಬಾರದು.

ದೊಡ್ಡಮ್ಮ ಹೊರಡುತ್ತಿದ್ದ ಮನೆ ಅವರ ತವರು, ಹೊಸನಗರದ ಕಡೆಯದು. ಆ ಮನೆ ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಮುಳುಗಿ ದಶಕಗಳೇ ಆಗಿದ್ದವು. "ಆ ಮನೆ ಎಲ್ಲಿದೆ ಅಮ್ಮ, ಮುಳುಗಿ ಹೋಯ್ತಲ್ಲ" ಎಂದು ಒಮ್ಮೆ ಅಣ್ಣ ನಿಜ ಹೇಳಿದ. ದೊಡ್ಡಮ್ಮ ಆಗಷ್ಟೇ ಸುದ್ದಿ ಕೇಳಿದವರಂತೆ ಅತ್ತರು. ಮರುದಿನ ಸಂಜೆ ಮತ್ತೆ ಹೊರಟರು. ಹೇಳಿದ್ದರೆ ಮತ್ತೆ ಹೊಸದಾಗಿ ಅಳುತ್ತಿದ್ದರು. ಆಮೇಲಾಮೇಲೆ ಅತ್ತಿಗೆ ಚಪ್ಪಲಿ ಮೆಟ್ಟಿಕೊಂಡು ಜೊತೆಗೇ ಹೊರಡುತ್ತಿದ್ದರು. "ನಿಮ್ಮ ತವರಲ್ಲಿ ಹಲಸಿನ ಮರ ಎಷ್ಟಿತ್ತು ಅತ್ತೆ?" ಎಂದು ಕೇಳುತ್ತ ಬೀದಿಯ ಕೊನೆಯ ತನಕ ಹೋಗಿ, ಮರಗಳ ಮಾತಾಡುತ್ತ ವಾಪಸು ಕರೆತರುತ್ತಿದ್ದರು. ಇದು ಸುಳ್ಳು ಹೇಳಿದಂತಲ್ಲವೇ ಎಂದು ಅವರೊಮ್ಮೆ ನನ್ನನ್ನು ಕೇಳಿದ್ದರು. ಖಂಡಿತ ಅಲ್ಲ ಎಂದು ಈಗ ಹೇಳುತ್ತೇನೆ. ದೊಡ್ಡಮ್ಮ ಕೇಳುತ್ತಿದ್ದುದು ಭಯವಿಲ್ಲದ ಒಂದು ಜಾಗವನ್ನು, ಅತ್ತಿಗೆ ಅದನ್ನು ಅಷ್ಟು ಹೊತ್ತಿಗೆ ಕೊಡುತ್ತಿದ್ದರು.

ಸಂಜೆಯೇ ಏಕೆ? ಹಗಲು ರಾತ್ರಿಗಳ ಲಯವನ್ನು ಕಾಯುವ ಮಿದುಳಿನ ಗಡಿಯಾರವೂ ಈ ಕಾಯಿಲೆಯಲ್ಲಿ ಸವೆಯುತ್ತದೆ, ಬೆಳಕು ಇಳಿದಂತೆ ನೆರಳುಗಳು ಗೊಂದಲ ಹೆಚ್ಚಿಸುತ್ತವೆ, ದಿನವಿಡೀ ಅರ್ಥವಾಗದ್ದನ್ನು ಅರ್ಥಮಾಡಿಕೊಳ್ಳಲು ಹೆಣಗಿದ ದಣಿವೂ ಸೇರುತ್ತದೆ. ಬೆಳಗಿನ ಬಿಸಿಲಿನಲ್ಲಿ ಅರ್ಧ ಗಂಟೆ ಕೂರಿಸುವುದು, ಮಧ್ಯಾಹ್ನದ ನಿದ್ದೆಯನ್ನು ಚಿಕ್ಕದು ಮಾಡುವುದು, ಮುಸ್ಸಂಜೆಗೆ ಮುಂಚೆಯೇ ದೀಪ ಹಾಕುವುದು ಇವುಗಳಿಂದ ಕೆಲವರಿಗೆ ಉಪಯೋಗವಾಗುತ್ತದೆ. ಆದರೆ ಒಂದು ಎಚ್ಚರ. ನಿನ್ನೆ ತನಕ ಒಂದು ಹದದಲ್ಲಿದ್ದವರು ಒಂದೆರಡು ದಿನದೊಳಗೆ ಇದ್ದಕ್ಕಿದ್ದಂತೆ ತೀರಾ ಗೊಂದಲಕ್ಕೆ ಬಿದ್ದರೆ, ಇಲ್ಲದವರನ್ನು ಕಂಡಂತೆ ಮಾತಾಡಿದರೆ, "ಕಾಯಿಲೆ ಜಾಸ್ತಿಯಾಯ್ತು" ಎಂದು ಸುಮ್ಮನೆ ಕೂರಬೇಡಿ. ಅಲ್ಝೈಮರ್ಸ್ ಹಾಗೆ ದಿನದೊಳಗೆ ಜಿಗಿಯುವುದಿಲ್ಲ. ಮೂತ್ರದ ಸೋಂಕು, ನೀರು ಸಾಲದಿರುವುದು, ಮಲಬದ್ಧತೆ, ನ್ಯುಮೋನಿಯಾ, ಹೊಸದಾಗಿ ಶುರುವಾದ ಮಾತ್ರೆ, ಬಿದ್ದಾಗ ತಲೆಗೆ ಬಿದ್ದ ಪೆಟ್ಟು ಇವುಗಳಲ್ಲಿ ಯಾವುದಾದರೂ ಇರಬಹುದು. ನೋವನ್ನು ಬಾಯಲ್ಲಿ ಹೇಳಲಾಗದವರು ಗೊಂದಲದಲ್ಲಿ ಹೇಳುತ್ತಾರೆ. ಅಂಥ ದಿನ ಆಸ್ಪತ್ರೆಗೆ ಹೋಗಲೇಬೇಕು.

ಮರೆವು ಕಾಣಿಸಿದಾಗ ಮಾಡಿಸಬೇಕಾದ ಮೊದಲ ಪರೀಕ್ಷೆಗೂ ಇದೇ ಮಾತು ಸಲ್ಲುತ್ತದೆ. ಮರೆವೆಲ್ಲ ಅಲ್ಝೈಮರ್ಸ್ ಅಲ್ಲ. ಬಿ12 ಜೀವಸತ್ವದ ಕೊರತೆ, ಅದೂ ಶುದ್ಧ ಸಸ್ಯಾಹಾರಿ ಮನೆಗಳಲ್ಲಿ, ಥೈರಾಯ್ಡ್ ಕುಗ್ಗುವುದು, ಖಿನ್ನತೆ, ತಲೆಬುರುಡೆಯೊಳಗೆ ಹೆಪ್ಪುಗಟ್ಟಿದ ರಕ್ತ ಇವೂ ಮರೆವು ತರುತ್ತವೆ, ಇವಕ್ಕೆ ಚಿಕಿತ್ಸೆಯಿದೆ. ಅಲ್ಝೈಮರ್ಸ್ ಎಂದೇ ಗೊತ್ತಾದರೆ ಡೊನೆಪೆಜಿಲ್, ಮೆಮಾಂಟಿನ್‌ನಂಥ ಮಾತ್ರೆಗಳು ಕೆಲವು ಕಾಲ ಲಕ್ಷಣಗಳನ್ನು ಸ್ವಲ್ಪ ಹಗುರಗೊಳಿಸುತ್ತವೆ, ಕಾಯಿಲೆಯನ್ನು ನಿಲ್ಲಿಸುವುದಿಲ್ಲ. 2023ರಲ್ಲಿ ಲೆಕಾನೆಮಾಬ್, 2024ರಲ್ಲಿ ಡೊನಾನೆಮಾಬ್ ಅಮೆರಿಕದಲ್ಲಿ ಪೂರ್ಣ ಒಪ್ಪಿಗೆ ಪಡೆದವು. ಅಮಿಲಾಯ್ಡನ್ನು ಮಿದುಳಿನಿಂದ ತೊಡೆಯುವ ಈ ಔಷಧಿಗಳು ಆರಂಭದ ಹಂತದವರಲ್ಲಿ ಇಳಿಜಾರನ್ನು ಕೊಂಚ ನಿಧಾನಗೊಳಿಸುತ್ತವೆ. ಮಿದುಳಿನ ಊತ, ರಕ್ತಸ್ರಾವದ ಅಪಾಯ ಇರುವುದರಿಂದ ಪದೇ ಪದೇ ಸ್ಕ್ಯಾನ್ ಮಾಡಿಸುತ್ತಿರಬೇಕು. ಜಗಲಿಯಲ್ಲಿ ಚೀಲ ಹಿಡಿದು ನಿಂತಿರುವ ಹಿರಿಯರಿಗೆ ಇವು ತಡವಾಗಿ ಬಂದ ಔಷಧಿಗಳು.

ನಮ್ಮ ನೆಲದ ಸಂಶೋಧನೆಯ ಎರಡು ಮಾತುಗಳನ್ನು ಇಲ್ಲಿ ಸೇರಿಸಲೇಬೇಕು. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ದಾಟಿದವರ ಮಿದುಳಿನ ಆರೋಗ್ಯವನ್ನು ವರ್ಷಗಳಿಂದ ನೋಡುತ್ತ ಬಂದಿದೆ. ಓದು ಬರಹವಿಲ್ಲದ, ಹೊಲದಲ್ಲಿ ದುಡಿದ ಜನರಲ್ಲಿ ಈ ಕಾಯಿಲೆ ಹೇಗೆ ನಡೆಯುತ್ತದೆಂಬುದು ಅಮೆರಿಕದ ಅಂಕಿಗಳಿಂದ ತಿಳಿಯುವುದಿಲ್ಲ. ಇನ್ನೊಂದು, ಸುವರ್ಣ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ 648 ಡಿಮೆನ್ಷಿಯಾ ರೋಗಿಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನ. ಒಂದೇ ಭಾಷೆ ಆಡುವವರಿಗಿಂತ ಎರಡು ಅಥವಾ ಹೆಚ್ಚು ಭಾಷೆ ಆಡುವವರಲ್ಲಿ ಲಕ್ಷಣಗಳು ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿದ್ದವು, ಶಾಲೆಯ ಮೆಟ್ಟಿಲು ಹತ್ತದವರಲ್ಲೂ ಕೂಡ. ಮನೆಯಲ್ಲಿ ತುಳು, ಬೀದಿಯಲ್ಲಿ ಕನ್ನಡ, ಪೇಟೆಯಲ್ಲಿ ಕೊಂಕಣಿ ಆಡುತ್ತ ಬಂದ ಕರಾವಳಿಯ ಅಜ್ಜಿಯರಿಗೆ ಇದು ಒಳ್ಳೆಯ ಸುದ್ದಿ. ಕಾಯಿಲೆ ಬಲಿತಮೇಲೆ ನಂತರ ಕಲಿತ ಭಾಷೆಗಳು ಜಾರಿ ತಾಯಿನುಡಿಯೊಂದೇ ಉಳಿಯುವುದು ಅನೇಕರಲ್ಲಿ ಕಾಣುತ್ತದೆ. ನೋಡಿಕೊಳ್ಳುವವರು ಆ ಭಾಷೆಯ ನಾಲ್ಕು ಮಾತು ಕಲಿತರೆ ಎಷ್ಟೋ ಬಾಗಿಲು ತೆರೆಯುತ್ತವೆ.

ಇಷ್ಟು ಹೊತ್ತು ಅತ್ತಿಗೆಯ ಜಾಣ್ಮೆಗಳನ್ನು ಹೇಳುತ್ತ ಬಂದೆ. ಅವರ ಸ್ಥಿತಿಯನ್ನು ಹೇಳಲಿಲ್ಲ. ನ್ಯಾನ್ಸಿ ಮೇಸ್ ಮತ್ತು ಪೀಟರ್ ರಾಬಿನ್ಸ್ 1981ರಲ್ಲಿ ಆರೈಕೆ ಮಾಡುವವರಿಗಾಗಿ ಬರೆದ ಪುಸ್ತಕಕ್ಕೆ 36 ಗಂಟೆಯ ದಿನ ಎಂಬರ್ಥದ ಹೆಸರಿಟ್ಟರು. ಅತ್ತಿಗೆಯ ದಿನ ಹಾಗೆಯೇ ಇತ್ತು. ರಾತ್ರಿ ಮೂರಕ್ಕೆ ದೊಡ್ಡಮ್ಮ ಎದ್ದು ಚಿಲಕ ತೆಗೆಯುವ ಸದ್ದಿಗೆ ಅವರೂ ಏಳುತ್ತಿದ್ದರು. ಎರಡು ವರ್ಷದಲ್ಲಿ ಅವರಿಗೆ ರಕ್ತದೊತ್ತಡ ಬಂತು, ಸೊಂಟ ಹಿಡಿಯಿತು, ತವರಿನ ಒಂದು ಮದುವೆಗೂ ಹೋಗಲಾಗಲಿಲ್ಲ. ಸೊಸೆ ಎಂಬ ಕಾರಣಕ್ಕೆ ಇದೆಲ್ಲ ಅವರ ಪಾಲಿಗೆ ಬಂದದ್ದು; ಹೊಗಳುವಾಗಲೂ ನೆಂಟರು "ಪುಣ್ಯ ಮಾಡಿದ್ದೀಯ" ಎಂದು ಹೇಳಿ ಊಟ ಮುಗಿಸಿ ಹೊರಡುತ್ತಿದ್ದರು. ಹೊರದೇಶದಲ್ಲಿದ್ದ ಕಿರಿಯ ಅಣ್ಣ ವಿಡಿಯೋ ಕರೆಯಲ್ಲಿ ಹತ್ತು ನಿಮಿಷ ಮಾತಾಡಿ "ಅಮ್ಮ ಚೆನ್ನಾಗೇ ಮಾತಾಡ್ತಾಳಲ್ಲ, ನೀವು ಸುಮ್ನೆ ಗಾಬರಿ ಮಾಡ್ಕೋತೀರಿ" ಎನ್ನುತ್ತಿದ್ದ. ಅವನು ಕೆಟ್ಟವನಲ್ಲ. ಕ್ಷೇಮ ಸಮಾಚಾರದ ಮಾತು ಅಭ್ಯಾಸದಿಂದ ಬರುವಂಥದ್ದು, ಬಹಳ ದಿನ ಉಳಿಯುತ್ತದೆ. ಅಪರೂಪದವರ ಮುಂದೆ ರೋಗಿ ತನ್ನೆಲ್ಲ ಶಕ್ತಿ ಒಟ್ಟುಮಾಡಿ ನಿಲ್ಲುತ್ತಾರೆ. ಕರೆ ಮುಗಿದಮೇಲಿನ ಮೂರು ಗಂಟೆಯ ಗೊಂದಲ ಅವನಿಗೆ ಕಾಣುವುದಿಲ್ಲ. ಅಂಥ ಒಂದು ಕರೆಯ ರಾತ್ರಿ ಅತ್ತಿಗೆ ಮೊದಲ ಸಲ ಜೋರಾಗಿ ಅತ್ತರು.

ಬೆಂಗಳೂರಿನಲ್ಲಾದರೆ ನಿಮ್ಹಾನ್ಸ್‌ನಲ್ಲಿ ಹಿರಿಯರ ವಿಭಾಗವಿದೆ, ನೈಟಿಂಗೇಲ್ಸ್ ಟ್ರಸ್ಟ್‌ನಂಥ ಸಂಸ್ಥೆಗಳ ಡಿಮೆನ್ಷಿಯಾ ಕೇಂದ್ರಗಳಿವೆ. ಹಿರಿಯರಿಗಾಗಿ 14567 ಎಂಬ ಸಹಾಯವಾಣಿ ದೇಶಕ್ಕೆಲ್ಲ ಇದೆ. ಸಾಗರದಂಥ ಊರಿನಲ್ಲಿ ಹಗಲು ಹೊತ್ತು ಬಿಟ್ಟುಬರುವಂಥ ಒಂದು ಜಾಗ ನಮಗೆ ಸಿಗಲಿಲ್ಲ. ಅಲ್ಲಿ ಸಿಗುವುದು ನೆಂಟರು, ನೆರೆಯವರು. ಪುಣ್ಯದ ಮಾತಿನ ಬದಲು ವಾರಕ್ಕೆ ಎರಡು ಗಂಟೆ ಯಾರಾದರೂ ಬಂದು ಕೂತರೆ ಅತ್ತಿಗೆ ನಿದ್ದೆ ಮಾಡಬಹುದಿತ್ತು.

ಒಂದು ಸಲದ ರಜೆಯಲ್ಲಿ ನಾನು ದಿನಾ ಮಧ್ಯಾಹ್ನ ಎರಡರಿಂದ ನಾಲ್ಕರ ತನಕ ದೊಡ್ಡಮ್ಮನ ಜೊತೆ ಕೂರತೊಡಗಿದೆ. ಏನು ಮಾತಾಡಬೇಕೆಂದು ತಿಳಿಯದೆ, ದೇವರ ಗೂಡಿನಿಂದ ಹತ್ತಿಯ ಉಂಡೆ ತಂದು ಅವರ ಮುಂದಿಟ್ಟೆ. ಹೆನ್ರಿ ಮೊಲೈಸನ್ ಕನ್ನಡಿಯಲ್ಲಿ ನೋಡಿ ನಕ್ಷತ್ರ ಬರೆಯುವುದನ್ನು ದಿನದಿಂದ ದಿನಕ್ಕೆ ಚೆನ್ನಾಗಿ ಕಲಿತನೆಂದೂ, ಕಲಿತ ನೆನಪು ಮಾತ್ರ ಅವನಿಗಿರಲಿಲ್ಲವೆಂದೂ ಬ್ರೆಂಡಾ ಮಿಲ್ನರ್ ತೋರಿಸಿದ್ದಳು. ಕೈಯ ಕಸುಬಿನ ನೆನಪು ಹಿಪೊಕ್ಯಾಂಪಸ್ ಬಿಟ್ಟು ಬೇರೆ ದಾರಿಯಲ್ಲಿ, ಮಿದುಳಿನ ಆಳದ ಗಂಟುಗಳಲ್ಲಿ, ಹಿಂದಲೆಯ ಕಿರುಮಿದುಳಿನಲ್ಲಿ ಉಳಿಯುತ್ತದೆ. ಅಲ್ಝೈಮರ್ಸ್ ಅಲ್ಲಿಗೆ ತಡವಾಗಿ ಬರುತ್ತದೆ. ಆಗ ನನಗೆ ಇದೊಂದೂ ಗೊತ್ತಿರಲಿಲ್ಲ. ದೊಡ್ಡಮ್ಮ ಹತ್ತಿಯನ್ನು ಒಂದು ಕ್ಷಣ ನೋಡಿದರು. ಚಿಟಿಕೆಯಷ್ಟು ಕಿತ್ತು, ಬೀಜದ ಸಿಪ್ಪೆ ಬಿಡಿಸಿ, ತೆಳ್ಳಗೆ ಎಳೆದು, ಅಂಗೈಗೆ ಒಂದಿಷ್ಟು ವಿಭೂತಿ ಸವರಿ, ಮೊಣಕಾಲ ಮೇಲೆ ಹೊಸೆದರು. ಒಂದೇ ಸಮನಾದ, ತುದಿ ಚೂಪಾದ ಬತ್ತಿ. ಮತ್ತೊಂದು. ಮತ್ತೊಂದು. ಒಳಗಿನ ಕೋಣೆಯಲ್ಲಿ ಅತ್ತಿಗೆ ಮಲಗಿದ್ದರು.

ಹತ್ತು ಬತ್ತಿಯಾದಾಗ ದೊಡ್ಡಮ್ಮ ತಲೆಯೆತ್ತಿ ಕೇಳಿದರು, "ಇಷ್ಟು ಸಾಕಾ ಮಗಾ?"

"ಇನ್ನೂ ಸ್ವಲ್ಪ ಬೇಕು ದೊಡ್ಡಮ್ಮ, ಕಾರ್ತೀಕ ಬಂತಲ್ಲ" ಎಂದೆ.

"ಹೌದಲ್ಲ" ಎಂದು ಅವರು ಮತ್ತೆ ಹತ್ತಿ ಎಳೆದುಕೊಂಡರು. ನಾಲ್ಕು ಗಂಟೆಯ ತನಕ ಅದೇ ಪ್ರಶ್ನೆಯನ್ನು ಎಷ್ಟು ಸಲ ಕೇಳಿದರೋ, ನಾನು ಎಣಿಸಲಿಲ್ಲ.